ವೃದ್ಧಾಪ್ಯದಲ್ಲಿ ಭಾವ, ಅರಿವು, ಮಾತುಕತೆ

ವಯಸ್ಸಾಗುತ್ತ ಹೋದಂತೆ ಮನುಷ್ಯನ ಭಾವನೆಗಳಲ್ಲಿ, ನೆನಪು-ಗಮನ-ಯೋಚನೆಗಳಲ್ಲಿ, ನಾಲ್ಕು ಜನರೊಂದಿಗೆ ಬೆರೆತು ಆಡುವ ಮಾತಿನಲ್ಲಿ ಆಗುವ ಬದಲಾವಣೆಗಳನ್ನು ಕುರಿತ ಅಧ್ಯಯನ. ಮನೋವಿಜ್ಞಾನ, ನರವಿಜ್ಞಾನ, ಭಾಷಾವಿಜ್ಞಾನಗಳು ಕೂಡುವ ಈ ಕ್ಷೇತ್ರದ ಮುಖ್ಯ ತಿಳಿವಳಿಕೆಯೆಂದರೆ, ಮುಪ್ಪು ಎಲ್ಲ ಶಕ್ತಿಗಳನ್ನೂ ಒಂದೇ ಸಮನೆ ಕುಗ್ಗಿಸುವುದಿಲ್ಲ. ಕೆಲವು ಮೂವತ್ತು ದಾಟುತ್ತಿದ್ದಂತೆಯೇ ಇಳಿಯತೊಡಗುತ್ತವೆ, ಕೆಲವು ಎಪ್ಪತ್ತರವರೆಗೂ ಅಲುಗಾಡುವುದಿಲ್ಲ, ಒಂದೆರಡು ಮೊದಲಿಗಿಂತ ಚೆನ್ನಾಗಿಯೇ ಆಗುತ್ತವೆ. ಈ ವಿಷಯದಲ್ಲಿ ಭಾರತದ ಹೆಸರು ಜಗತ್ತಿಗೆ ತಿಳಿದದ್ದು ಹೈದರಾಬಾದಿನಲ್ಲಿ ನಡೆದ ಕೆಲಸದಿಂದ. ಅದರ ಒಂದು ಕೊಂಡಿ ನಗರದ ಪಶ್ಚಿಮದಲ್ಲಿರುವ ಗಚ್ಚಿಬೌಲಿಯಲ್ಲಿದೆ, ಇನ್ನೊಂದು ಈಗ ಕರ್ನಾಟಕದಲ್ಲಿದೆ.

ಗಚ್ಚಿಬೌಲಿಯನ್ನು ಹೊರಗಿನವರು ಐಟಿ ಕಂಪನಿಗಳ ಬಡಾವಣೆ ಎಂದೇ ಬಲ್ಲರು. 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯ ಮತ್ತು 1998ರಲ್ಲಿ ಶುರುವಾದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ, ಅಂದರೆ ಐಐಐಟಿ, ಎರಡೂ ಇಲ್ಲಿವೆ. ಎರಡರಲ್ಲೂ ಮಿದುಳು ಮತ್ತು ಅರಿವಿನ ಮೇಲೆ ಸಂಶೋಧನೆ ನಡೆಯುತ್ತದೆ. ಕನ್ನಡಿಗರ ಮಟ್ಟಿಗೆ ಊರು ದೂರದ್ದಲ್ಲ. ಕಲಬುರಗಿ, ವಾಡಿ ಕಡೆಯಿಂದ ಬರುವ ಹಲವು ರೈಲುಗಳು ಪಕ್ಕದ ಲಿಂಗಂಪಲ್ಲಿಯಲ್ಲಿ ನಿಲ್ಲುತ್ತವೆ. ಬೀದರ್, ಕಲಬುರಗಿ, ರಾಯಚೂರು ಸೀಮೆಗಳಿಗೆ 1956ರ ನವೆಂಬರ್ 1ರವರೆಗೆ ಹೈದರಾಬಾದೇ ರಾಜಧಾನಿ. ಆ ಸೀಮೆಯಲ್ಲಿ ನಿಜಾಮರ ಕಾಲದ ಶಾಲೆ ಕಂಡವರು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು ಅಥವಾ ಮರಾಠಿ ಬಳಸಿ ಬೆಳೆದವರು. ಅವರಲ್ಲಿ ಬದುಕಿರುವವರಿಗೆ ಈಗ ಎಂಬತ್ತರ ಮೇಲೆ. ಭಾಷೆಗೂ ಮುಪ್ಪಿಗೂ ಇರುವ ನಂಟನ್ನು ಪರೀಕ್ಷಿಸಲು ಇಂಥ ಸೀಮೆ ಸಿಗುವುದು ಅಪರೂಪ.

ಮೊದಲು ಅರಿವಿನ ವಿಷಯ. 1960ರ ದಶಕದಲ್ಲಿ ರೇಮಂಡ್ ಕ್ಯಾಟೆಲ್ ಮತ್ತು ಜಾನ್ ಹಾರ್ನ್ ಬುದ್ಧಿಯನ್ನು ಎರಡಾಗಿ ಬಿಡಿಸಿ ನೋಡಿದರು: ಎಂದೂ ಕಾಣದ ಸಮಸ್ಯೆಯನ್ನು ಆ ಕ್ಷಣಕ್ಕೆ ಬಿಡಿಸುವ ಶಕ್ತಿ ಒಂದು, ವರ್ಷಗಟ್ಟಲೆ ಕೂಡಿಟ್ಟ ತಿಳಿವಳಿಕೆ ಮತ್ತು ಪದಸಂಪತ್ತು ಇನ್ನೊಂದು. ಮೊದಲನೆಯದು ಬೇಗ ಇಳಿಮುಖವಾಗುತ್ತದೆ. ಎರಡನೆಯದು ಇಳಿವಯಸ್ಸಿನವರೆಗೂ ನಿಲ್ಲುತ್ತದೆ. ವಾರ್ನರ್ ಶೈ 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆರಂಭಿಸಿ ದಶಕಗಟ್ಟಲೆ ನಡೆಸಿದ ಅಧ್ಯಯನ, ಒಬ್ಬೊಬ್ಬರಲ್ಲೂ ಈ ಇಳಿಕೆಯ ದಾರಿ ಬೇರೆ ಬೇರೆ ಎಂದು ತೋರಿಸಿತು. ಇಳಿಕೆಯ ಬಹುಪಾಲು ಮಿದುಳಿನ ವೇಗ ತಗ್ಗುವುದರಿಂದಲೇ ಆಗುತ್ತದೆ ಎಂಬುದು ಟಿಮತಿ ಸಾಲ್ಟ್‌ಹೌಸ್ 1996ರಲ್ಲಿ ಮಂಡಿಸಿದ ವಾದ. ಒಂದು ಹೆಜ್ಜೆ ಮುಗಿಯುವಷ್ಟರಲ್ಲಿ ಹಿಂದಿನ ಹೆಜ್ಜೆಯ ಫಲ ಮನಸ್ಸಿನಿಂದ ಜಾರಿರುತ್ತದೆ. ಎಟಿಎಂ ಪರದೆ ಕೇಳಿದ್ದನ್ನು ಓದಿ ಅರ್ಥಮಾಡಿಕೊಳ್ಳುವುದರೊಳಗೆ ಅದು ಕಾರ್ಡನ್ನು ಹೊರಗೆ ತಳ್ಳುವುದನ್ನು ಯಾವ ಬ್ಯಾಂಕಿನ ಮುಂದೆ ನಿಂತರೂ ನೋಡಬಹುದು. ಅಜ್ಜನಿಗೆ ಲೆಕ್ಕ ಬರುವುದಿಲ್ಲವೆಂದಲ್ಲ, ಯಂತ್ರ ಕಾಯುವುದಿಲ್ಲ.

ಕೂಡಿಟ್ಟ ತಿಳಿವಳಿಕೆ ಎಷ್ಟು ಕಾಲ ಬಾಳಬಲ್ಲದು ಎಂಬುದಕ್ಕೆ ಕನ್ನಡದಲ್ಲೇ ಉದಾಹರಣೆಗಳಿವೆ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು (1913–2021) ತಮ್ಮ 97ನೇ ವಯಸ್ಸಿನಲ್ಲಿ, 2011ರಲ್ಲಿ, ಬೆಂಗಳೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಶಿವರಾಮ ಕಾರಂತರು (1902–1997) ತೊಂಬತ್ತೈದರ ಹೊತ್ತಿಗೆ ಹಕ್ಕಿಗಳ ಮೇಲೆ ಪುಸ್ತಕ ಬರೆದರು. ಒಬ್ಬಿಬ್ಬರ ಬಾಳಿನಿಂದ ಸಿದ್ಧಾಂತ ಕಟ್ಟಲಾಗದು. ಆದರೂ ಅರವತ್ತಕ್ಕೆ ಅರಳು ಮರಳು ಎಂಬ ನಂಬಿಕೆಯನ್ನು ಪ್ರಶ್ನಿಸಲು ಇಬ್ಬರೂ ಸಾಕು. ಈ ನಂಬಿಕೆಯಿಂದ ಇನ್ನೊಂದು ಕೆಡುಕೂ ಇದೆ. ಮರೆವಿನ ಕಾಯಿಲೆಯನ್ನು ಮನೆಯವರು ವಯಸ್ಸಿನ ಸಹಜ ಲಕ್ಷಣವೆಂದು ಬಿಟ್ಟುಬಿಡುತ್ತಾರೆ, ಆಸ್ಪತ್ರೆಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವುದು ವಯಸ್ಸು. ದಿನವೂ ನಡೆದ ಬೀದಿಯಲ್ಲಿ ಮನೆಯ ದಾರಿ ತಪ್ಪುವುದು, ಹಣದ ವ್ಯವಹಾರ ಕೈತಪ್ಪುವುದು ಕಾಯಿಲೆಯ ಸೂಚನೆ. ಈ ವ್ಯತ್ಯಾಸವನ್ನು ಕನ್ನಡದ ಸಾಮಾನ್ಯ ಪ್ರೇಕ್ಷಕನಿಗೆ ಮುಟ್ಟಿಸಿದ್ದು ಯಾವ ಕರಪತ್ರವೂ ಅಲ್ಲ, ಅನಂತ್ ನಾಗ್ ಅಲ್ಜೈಮರ್ ರೋಗಿಯಾಗಿ ನಟಿಸಿದ 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರ ಎನ್ನಬೇಕು.

ಹೈದರಾಬಾದಿನ ಪ್ರಸಿದ್ಧ ಅಧ್ಯಯನ ನಡೆದದ್ದು ಪಂಜಗುಟ್ಟದ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ (ನಿಮ್ಸ್) ನೆನಪಿನ ಕ್ಲಿನಿಕ್‌ನಲ್ಲಿ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಅದರ ಮುಂದಾಳು. ಎಡಿನ್‌ಬರೋದ ಥಾಮಸ್ ಬಾಕ್, ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ವಸಂತ ದುಗ್ಗಿರಾಲ, ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿದ್ದು ಮುಂದೆ ಐಐಐಟಿ ಸೇರಿದ ಬಾಪಿ ರಾಜು ಸುರಂಪೂಡಿ ಸಹಲೇಖಕರು. 2013ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ಈ ಲೇಖನಕ್ಕೆ 648 ಮರೆಗುಳಿ ರೋಗಿಗಳ ದಾಖಲೆಗಳೇ ಆಧಾರ; ಅವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರು. ಒಂದೇ ಭಾಷೆಯವರಿಗೆ ಕಾಯಿಲೆ ಸರಾಸರಿ 61.1 ವರ್ಷಕ್ಕೆ ಕಾಣಿಸಿಕೊಂಡಿದ್ದರೆ ಇವರಿಗೆ 65.6ಕ್ಕೆ ಕಾಣಿಸಿಕೊಂಡಿತ್ತು. ನಾಲ್ಕೂವರೆ ವರ್ಷದ ಅಂತರ.

ಈ ಸಂಖ್ಯೆ ಹೊಸದೇನೂ ಆಗಿರಲಿಲ್ಲ. ಎಲೆನ್ ಬಿಯಾಲಿಸ್ಟಾಕ್ ಮತ್ತು ಸಂಗಡಿಗರು 2007ರಲ್ಲಿ ಟೊರಾಂಟೊದಲ್ಲಿ ಸುಮಾರು ನಾಲ್ಕು ವರ್ಷದ ಅಂತರ ಕಂಡಿದ್ದರು. ಆದರೆ ಅಲ್ಲಿ ಎರಡು ಭಾಷೆಯವರಲ್ಲಿ ಹೆಚ್ಚಿನವರು ವಲಸೆ ಬಂದವರು. ಗಟ್ಟಿ ಮೈಮನಸ್ಸಿನವರೇ ವಲಸೆ ಹೋಗುತ್ತಾರೆ, ಫಲ ಭಾಷೆಯದ್ದೋ ವಲಸೆಯದ್ದೋ ಎಂಬ ತಕರಾರು ಉಳಿದಿತ್ತು. ಹೈದರಾಬಾದಿನಲ್ಲಿ ಎರಡನೇ ಭಾಷೆ ಕಲಿಯಲು ಯಾರೂ ಊರು ಬಿಡಬೇಕಿಲ್ಲ. ತೆಲುಗಿನವರು ದಖ್ಖನಿ ಉರ್ದುವನ್ನು, ದಖ್ಖನಿಯವರು ತೆಲುಗನ್ನು ಬೀದಿಯಲ್ಲೇ ಕಲಿಯುತ್ತಾರೆ. ಓದಿನದೇ ಫಲವಿರಬಹುದು ಎಂಬ ಇನ್ನೊಂದು ಅನುಮಾನಕ್ಕೂ ಇಲ್ಲಿ ಉತ್ತರ ಸಿಕ್ಕಿತು: ಅಕ್ಷರ ಬಾರದವರನ್ನೇ ಬೇರೆಯಾಗಿ ನೋಡಿದಾಗ ಅಂತರ ಸುಮಾರು ಆರು ವರ್ಷಕ್ಕೆ ಏರಿತ್ತು. ಲೇಖನದ ನಿಜವಾದ ಬೆಲೆ ಇದರಲ್ಲಿದೆ. ಶಾಲೆಯ ಮೆಟ್ಟಿಲು ಹತ್ತದ ತರಕಾರಿ ಮಾರುವಾಕೆ ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುವುದೂ ಮಿದುಳಿನ ಕಸರತ್ತೇ ಎಂದು ಒಪ್ಪಿದಂತಾಯಿತು. ಮೂರನೆಯ, ನಾಲ್ಕನೆಯ ಭಾಷೆಯಿಂದ ಮಾತ್ರ ಹೆಚ್ಚಿನ ಲಾಭ ಕಾಣಲಿಲ್ಲ.

ಕಾರಣವನ್ನು ಹೀಗೆ ಊಹಿಸಲಾಗಿದೆ. ಎರಡು ಭಾಷೆ ಬಲ್ಲವರು ಒಂದರಲ್ಲಿ ಮಾತಾಡುವಾಗಲೂ ಇನ್ನೊಂದು ಮನಸ್ಸಿನಲ್ಲಿ ಎಚ್ಚರವಾಗಿಯೇ ಇರುತ್ತದೆ. ಅದನ್ನು ತಡೆಹಿಡಿದು ಬೇಕಾದ್ದನ್ನಷ್ಟೇ ಹೊರಬಿಡುವ ಕೆಲಸ ದಿನಕ್ಕೆ ನೂರಾರು ಸಲ ನಡೆಯುತ್ತದೆ. ಗಮನವನ್ನು ಹಿಡಿತದಲ್ಲಿಡುವ ಮಿದುಳಿನ ಮುಂಭಾಗಕ್ಕೆ ಅದು ನಿತ್ಯದ ಸಾಮು. ಹೈದರಾಬಾದ್ ವಿಶ್ವವಿದ್ಯಾಲಯದ ನರ ಮತ್ತು ಅರಿವಿನ ವಿಜ್ಞಾನ ಕೇಂದ್ರದಲ್ಲಿ ರಮೇಶ್ ಕುಮಾರ್ ಮಿಶ್ರಾ ಅವರ ಸಂಶೋಧನೆ ಇದೇ ಭಾಷಾ ಹಿಡಿತದ ಮೇಲಿದೆ. ನಿಮ್ಸ್ ತಂಡ 2016ರಲ್ಲಿ 608 ಪಾರ್ಶ್ವವಾಯು ರೋಗಿಗಳನ್ನು ಪರಿಶೀಲಿಸಿದಾಗ, ಎರಡು ಭಾಷೆಯವರಲ್ಲಿ ಶೇ. 40.5 ಮಂದಿಯ ಅರಿವು ಕೆಡದೆ ಉಳಿದಿತ್ತು, ಒಂದೇ ಭಾಷೆಯವರಲ್ಲಿ ಶೇ. 19.6 ಮಾತ್ರ. ಕುತೂಹಲದ ಸಂಗತಿಯೆಂದರೆ ಮಾತು ಕಳೆದುಕೊಳ್ಳುವುದರಲ್ಲಿ ಎರಡೂ ಗುಂಪು ಸಮ. ಅಂದರೆ ರಕ್ಷಣೆ ಸಿಕ್ಕಿದ್ದು ಮಾತಿಗಲ್ಲ, ಗಮನ ಮತ್ತು ಯೋಚನೆಗೆ.

ಇದನ್ನೆಲ್ಲ ಹಿಗ್ಗಿಸಿ ಹೇಳಬಾರದು. ಕ್ಲಿನಿಕ್‌ಗೆ ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಎಂಬುದೇ ಲೆಕ್ಕವನ್ನು ಓರೆಯಾಗಿಸಬಲ್ಲದು. ಆರೋಗ್ಯವಂತರನ್ನೇ ಆರಿಸಿ ವರ್ಷಗಟ್ಟಲೆ ಹಿಂಬಾಲಿಸಿದ ಪಾಶ್ಚಾತ್ಯ ಅಧ್ಯಯನಗಳಲ್ಲಿ ಹಲವು ಈ ಲಾಭವನ್ನು ಕಂಡಿಲ್ಲ. ಎರಡು ಭಾಷೆ ಕಾಯಿಲೆ ಬಾರದಂತೆ ತಡೆಯುತ್ತದೆ ಎಂದು ಹೈದರಾಬಾದಿನವರೂ ಹೇಳಿಲ್ಲ; ಲಕ್ಷಣ ತಡವಾಗಿ ಕಾಣಿಸುತ್ತದೆ ಎಂದಷ್ಟೇ ಹೇಳಿದ್ದಾರೆ.

ಹಿಂಬಾಲಿಸುವ ಅಂಥ ಅಧ್ಯಯನ ಈಗ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ‘ಸ್ಯಾನ್ಸ್‌ಕಾಗ್’ ಯೋಜನೆ ಆರಂಭಿಸಿತು. 45 ದಾಟಿದ, ಮರೆವಿನ ಕಾಯಿಲೆ ಇಲ್ಲದ ಸುಮಾರು 10,000 ಗ್ರಾಮಸ್ಥರನ್ನು ಸೇರಿಸಿಕೊಂಡು ಮತ್ತೆ ಮತ್ತೆ ಪರೀಕ್ಷಿಸುವುದು ಅದರ ಗುರಿ. ಮಾವಿಗೆ ಹೆಸರಾದ ಈ ತಾಲ್ಲೂಕು ಆಂಧ್ರದ ಗಡಿಯಲ್ಲಿದೆ; ಮನೆಮಾತು ತೆಲುಗು, ಶಾಲೆ-ಕಚೇರಿಯ ಮಾತು ಕನ್ನಡ ಆಗಿರುವ ಕುಟುಂಬಗಳು ಇಲ್ಲಿ ಹೇರಳ. ಸುವರ್ಣಾ ಅಲ್ಲಾಡಿಯವರೂ ಹೈದರಾಬಾದಿನಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದಿದ್ದಾರೆ.

ಭಾವನೆಯ ಕಥೆ ಬೇರೆಯೇ ದಿಕ್ಕಿನದು. ಮುದುಕರು ಸದಾ ಸಿಡುಕುವವರು, ಕೊರಗುವವರು ಎಂಬ ಕಲ್ಪನೆಗೆ ಅಂಕಿಅಂಶಗಳ ಬೆಂಬಲ ಕಡಿಮೆ. ದಿನನಿತ್ಯದ ಸಿಟ್ಟು, ಆತಂಕ ವಯಸ್ಸಿನೊಂದಿಗೆ ಸಾಮಾನ್ಯವಾಗಿ ತಗ್ಗುತ್ತವೆ. ಸ್ಟ್ಯಾನ್‌ಫರ್ಡ್‌ನ ಲಾರಾ ಕಾರ್‌ಸ್ಟೆನ್ಸನ್ ಇದಕ್ಕೆ ಕೊಡುವ ವಿವರಣೆ: ಮುಂದೆ ಉಳಿದಿರುವ ಕಾಲ ಕಡಿಮೆ ಎಂದು ಅರಿತವರು ಹೊಸ ಪರಿಚಯಗಳ ಹಿಂದೆ ಹೋಗುವುದಿಲ್ಲ, ಆಪ್ತರಾದ ಕೆಲವರನ್ನೇ ಹತ್ತಿರ ಇಟ್ಟುಕೊಳ್ಳುತ್ತಾರೆ, ಒಳ್ಳೆಯದನ್ನು ಹೆಚ್ಚು ಗಮನಿಸಿ ನೆನಪಿಡುತ್ತಾರೆ. ಎಲ್ಲ ಸಮಾಜಗಳಲ್ಲೂ ಹೀಗೇ ಎನ್ನುವಂತಿಲ್ಲ. ಹಾಂಗ್‌ಕಾಂಗಿನಲ್ಲಿ ಹೆಲೆನ್ ಫಂಗ್ ಮತ್ತು ಸಂಗಡಿಗರು 2008ರಲ್ಲಿ ಚೀನೀ ಹಿರಿಯರ ಕಣ್ಣೋಟ ಅಳೆದಾಗ, ಅವರು ನಗುಮುಖಗಳಿಂದ ದೃಷ್ಟಿ ತಿರುಗಿಸಿದ್ದು ಕಂಡಿತು. ಇತರರ ಮುಖದಲ್ಲಿನ ಸಿಟ್ಟು, ದುಃಖ, ಭಯವನ್ನು ಗುರುತಿಸುವುದು ಹಿರಿಯರಿಗೆ ಕಷ್ಟವಾಗುತ್ತದೆ. ಅಸಹ್ಯವನ್ನು ಮಾತ್ರ ಕಿರಿಯರಷ್ಟೇ ಚೆನ್ನಾಗಿ ಹಿಡಿಯುತ್ತಾರೆ. ಸೊಸೆ ಮುಖ ಸಪ್ಪಗಿಟ್ಟುಕೊಂಡರೂ ಅತ್ತೆ ವಿಚಾರಿಸಲಿಲ್ಲವೆಂದರೆ ಅದು ಯಾವಾಗಲೂ ಉದಾಸೀನವೇ ಆಗಿರಬೇಕಿಲ್ಲ. ಖಿನ್ನತೆ ಇದಕ್ಕೆಲ್ಲ ಹೊರತಾದ ಕಾಯಿಲೆ. ವಯಸ್ಸಾದವರಲ್ಲಿ ಅದು ದುಃಖವಾಗಿ ಹೊರಬರುವುದಕ್ಕಿಂತ ಮೈಕೈ ನೋವು, ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಮರೆವು ಆಗಿ ಬರುವುದೇ ಹೆಚ್ಚು. ಚಿಕಿತ್ಸೆಯಿಂದ ವಾಸಿಯಾಗುತ್ತದೆ.

ಮಾತುಕತೆಯಲ್ಲಿ ಮೊದಲು ಕೈಕೊಡುವುದು ಹೆಸರುಗಳು. ಮುಖ ಗೊತ್ತು, ಊರು ಗೊತ್ತು, ಹೆಸರು ನಾಲಿಗೆ ತುದಿಯಲ್ಲಿದೆ, ಬಾಯಿಗೆ ಬರುವುದಿಲ್ಲ. ಅರ್ಥದಿಂದ ಧ್ವನಿಗೆ ಸಾಗುವ ಕೊಂಡಿ ಸಡಿಲವಾಗುವುದೇ ಕಾರಣವೆಂದು ಡೆಬೊರಾ ಬರ್ಕ್ ಮತ್ತು ಸಂಗಡಿಗರು 1991ರಲ್ಲಿ ವಿವರಿಸಿದರು. ಹಿರಿಯರು ಎಲ್ಲಿಂದಲೋ ಎಲ್ಲಿಗೋ ಹೋಗುತ್ತಾರೆ ಎಂಬ ದೂರು ಸುಳ್ಳಲ್ಲ. ಆದರೆ ಕೇಳುಗರಿಂದ ಅಂಕ ಹಾಕಿಸಿದ ಪ್ರಯೋಗಗಳಲ್ಲಿ ಹಿರಿಯರು ಹೇಳಿದ ಕಥೆಗಳೇ ಹೆಚ್ಚು ಸೊಗಸೆನಿಸಿಕೊಂಡಿವೆ. ದಾರಿ ತಪ್ಪುವ ಮಾತಿಗೂ ಒಳ್ಳೆಯ ಕಥೆಗೂ ನಡುವಿನ ಗೆರೆ ಬಲು ತೆಳು.

ಕಿವಿಯ ಪಾತ್ರವನ್ನು ಮನೆಗಳಲ್ಲಿ ತೀರ ಕಡೆಗಣಿಸುತ್ತಾರೆ. ವಯಸ್ಸಾದಂತೆ ಮೊದಲು ಕ್ಷೀಣಿಸುವುದು ತಾರಕ ಧ್ವನಿಗಳು. ಸ್ವರಗಳು ಕೇಳುತ್ತವೆ, ಸ, ಶ, ತ, ಕ ಮೊದಲಾದ ವ್ಯಂಜನಗಳು ಮಸುಕಾಗುತ್ತವೆ. ಕಲಬುರಗಿಯ ಮುತ್ಯಾ ‘ಮಾತು ಕೇಳಸ್ತದ, ತಿಳಿಯಂಗಿಲ್ಲ’ ಅನ್ನುವುದು ಅಕ್ಷರಶಃ ನಿಜ. ಟಿವಿ ಹಾಕಿಕೊಂಡು ನಾಲ್ಕು ಜನ ಒಟ್ಟಿಗೆ ಮಾತಾಡುವ ಫ್ಲಾಟಿನ ಹಾಲ್‌ನಲ್ಲಿ ಅವರು ಸುಮ್ಮನಾಗುತ್ತಾರೆ. ಸುಮ್ಮನಿದ್ದವರನ್ನು ಜನ ಮಾತಿಗೆ ಎಳೆಯುವುದಿಲ್ಲ. ಕೂಗಿ ಹೇಳಿದರೆ ಪ್ರಯೋಜನವಿಲ್ಲ, ಸದ್ದು ಕಿವಿಗೆ ಚುಚ್ಚುತ್ತದೆ, ಮೇಲೆ ಬೈದಂತೆ ಕೇಳುತ್ತದೆ. ಎದುರು ಕೂತು ಮುಖ ಕಾಣುವಂತೆ ನಿಧಾನವಾಗಿ ಹೇಳುವುದೇ ಸರಿಯಾದ ದಾರಿ. ‘ಲ್ಯಾನ್ಸೆಟ್’ ಪತ್ರಿಕೆಯ ಆಯೋಗ 2024ರ ವರದಿಯಲ್ಲಿ ಪಟ್ಟಿಮಾಡಿದ, ಮರೆವಿನ ಕಾಯಿಲೆಗೆ ದಾರಿಮಾಡುವ, ಬದಲಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಕಿವಿ ಮಂದವಾಗುವುದೂ ಒಂದು, ಒಂಟಿತನವೂ ಒಂದು. ಹಿರಿಯರನ್ನು ಮಾತಿನಿಂದ ದೂರವಿಡುವ ಇನ್ನೊಂದು ರೂಢಿ ಆಸ್ಪತ್ರೆಗಳಲ್ಲಿದೆ: ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರಿಗೆ ‘ತಾತಾ, ಬಾಯಿ ತೆಗಿ’ ಎಂದು ಏಕವಚನದಲ್ಲಿ ಮಗುವಿಗೆ ಹೇಳಿದಂತೆ ಹೇಳುವುದು. ಮಕ್ಕಳ ಧಾಟಿಯ ಮಾತು ಹಿರಿಯರ ಆತ್ಮವಿಶ್ವಾಸವನ್ನು ಕುಗ್ಗಿಸುತ್ತದೆಂದು ಇಂಗ್ಲಿಷ್ ನಾಡುಗಳ ಆರೈಕೆ ಮನೆಗಳಲ್ಲಿ ನಡೆದ ಅಧ್ಯಯನಗಳು ಹೇಳುತ್ತವೆ.

ಭಾರತದ ಹಿರಿಯರ ಸಮೀಕ್ಷೆಯ ಭಾಗವಾಗಿ ನಡೆದ, 2023ರಲ್ಲಿ ಪ್ರಕಟವಾದ ಅಂದಾಜಿನಂತೆ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಮರೆವಿನ ಕಾಯಿಲೆ ಇದೆ; ಹೆಂಗಸರಲ್ಲಿ ಹೆಚ್ಚು, ಹಳ್ಳಿಗಳಲ್ಲಿ ಹೆಚ್ಚು. ಇಂಥ ಅಂದಾಜು ಎಷ್ಟು ನಂಬಲರ್ಹ ಎಂಬುದು ಪರೀಕ್ಷೆಯನ್ನು ಅವಲಂಬಿಸಿದೆ. ಬಹುಕಾಲ ಬಳಕೆಯಲ್ಲಿದ್ದ 1975ರ ಅಮೆರಿಕದ ಪರೀಕ್ಷೆಯಲ್ಲಿ ಒಂದಕ್ಕೊಂದು ಹೆಣೆದ ಎರಡು ಪಂಚಭುಜಗಳನ್ನು ನೋಡಿ ಬರೆಯಬೇಕು. ಪೆನ್ಸಿಲ್ಲನ್ನೇ ಹಿಡಿಯದ ಕೈ ಅಲ್ಲಿ ಸೋತರೆ ತಪ್ಪು ಮಿದುಳಿನದಲ್ಲ. ಇನ್ನೊಂದು ಇಂಗ್ಲಿಷ್ ಪರೀಕ್ಷೆ ಕಾಂಗರೂ, ಪೆಂಗ್ವಿನ್ ಚಿತ್ರಗಳ ಹೆಸರು ಕೇಳುತ್ತದೆ. ಹೀಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂಗಳಲ್ಲಿ ಪರೀಕ್ಷೆಗಳ ಸರಣಿಯೊಂದನ್ನು ಸಿದ್ಧಪಡಿಸಿತು. ಮಿದುಳಿನ ಚಿತ್ರಗಳಿಗೂ ಇದೇ ತೊಡಕು. ಕುಗ್ಗಿದೆಯೇ ಎಂದು ಹೇಳಲು ಸಹಜ ಅಳತೆ ಗೊತ್ತಿರಬೇಕು. ಬಳಕೆಯಲ್ಲಿದ್ದ ಮಾದರಿ ಪಾಶ್ಚಾತ್ಯರದ್ದು. ಗಚ್ಚಿಬೌಲಿಯ ಐಐಐಟಿಯಲ್ಲಿ ಜಯಂತಿ ಶಿವಸ್ವಾಮಿಯವರ ತಂಡ 2019ರಲ್ಲಿ 100 ಭಾರತೀಯರ ಎಂಆರ್‌ಐ ಚಿತ್ರಗಳಿಂದ ಭಾರತೀಯ ಮಿದುಳಿನ ಮಾದರಿ ರೂಪಿಸಿತು. ಅದು ಎತ್ತರ, ಅಗಲ, ಗಾತ್ರಗಳಲ್ಲಿ ಪಾಶ್ಚಾತ್ಯ ಮಾದರಿಗಿಂತ ಸಣ್ಣದು. ಪಾಶ್ಚಾತ್ಯ ಅಳತೆಯಿಂದಲೇ ನೋಡಿದರೆ ಆರೋಗ್ಯವಂತ ಮಿದುಳನ್ನೂ ಕುಗ್ಗಿದ್ದೆಂದು ತಪ್ಪಾಗಿ ಓದುವ ಅಪಾಯವಿತ್ತು. ಆದರೆ ಆ ನೂರು ಜನರ ವಯಸ್ಸು 21ರಿಂದ 30. ಮುಪ್ಪಿನ ಮಿದುಳಿಗೆ ಬೇರೆ ಮಾದರಿಯೇ ಬೇಕಾಗುತ್ತದೆ.

ಆರೈಕೆಯ ವ್ಯವಸ್ಥೆ ಇನ್ನೂ ತೆಳ್ಳಗಿದೆ. ಹಿರಿಯರಿಗಾಗಿ ಇರುವ 14567 ಸಹಾಯವಾಣಿ ಮೊದಲು ಹೈದರಾಬಾದಿನಲ್ಲಿ ಟಾಟಾ ಟ್ರಸ್ಟ್ಸ್ ನೆರವಿನಿಂದ ಶುರುವಾಗಿ 2021ರಲ್ಲಿ ದೇಶಕ್ಕೆ ಹರಡಿತು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರ ಪೊಲೀಸರೊಂದಿಗೆ 1090 ಸಹಾಯವಾಣಿ ನಡೆಸುತ್ತ ಬಂದಿದೆ. ಮಕ್ಕಳ ನೌಕರಿಗಾಗಿ ಬೀದರ್, ರಾಯಚೂರಿನಿಂದ ಗಚ್ಚಿಬೌಲಿಯ ಅಪಾರ್ಟ್‌ಮೆಂಟಿಗೆ ಬಂದ ತಂದೆತಾಯಿಗಳಲ್ಲಿ ಮರೆವು ಬೆಳೆದಾಗ ಒಂದು ವಿಶೇಷ ತೊಂದರೆ ಎದುರಾಗುತ್ತದೆ. ಎದುರಿಗಿರುವವರಿಗೆ ತಕ್ಕ ಭಾಷೆ ಆರಿಸುವ ಶಕ್ತಿಯೇ ಕುಂದಿ, ತೆಲುಗು ದಾದಿಯೊಂದಿಗೆ ಕನ್ನಡದಲ್ಲೂ ಇಂಗ್ಲಿಷ್ ಮಾತಾಡುವ ಮೊಮ್ಮಗಳೊಂದಿಗೆ ಉರ್ದುವಿನಲ್ಲೂ ಮಾತು ಹೊರಡಬಹುದು. ತಪಾಸಣೆಯ ದಿನ ವೈದ್ಯರು ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಿದರು ಎಂಬುದರ ಮೇಲೆ ಅಂಕವೇ ಬದಲಾಗುತ್ತದೆ. ಆದ್ದರಿಂದ ರೋಗಿ ಚಿಕ್ಕಂದಿನಲ್ಲಿ ಯಾವ ಭಾಷೆ ಆಡಿದ್ದರು, ಯಾವುದರಲ್ಲಿ ಓದಿದ್ದರು, ದುಡಿಯುವ ಕಾಲದಲ್ಲಿ ಯಾವುದನ್ನು ಬಳಸಿದ್ದರು ಎಂಬ ಮೂರನ್ನೂ ಮನೆಯವರು ಮೊದಲೇ ಬರೆದುಕೊಂಡು ಹೋಗುವುದು ಒಳ್ಳೆಯದು.