ಬಾವಿ ಇಂಜಿನ್ನಿಂದ ಕಾರಿನ ಕಂಪ್ಯೂಟರ್‌ವರೆಗೆ

ಚರಿತ್ರೆ ಅಂದರೆ ಅರಸರದ್ದು, ಯುದ್ಧದ್ದು ಅಂತಲೇ ನಾವು ಶಾಲೆಯಲ್ಲಿ ಓದಿದ್ದು. ನಾನು ಓದಿದ್ದು ಏಳನೇ ಕ್ಲಾಸು. ಬೇಸಾಯ ಮಾಡ್ತೀನಿ, ಜಾತ್ರೆಗಳಲ್ಲಿ ಹಾಡ್ತೀನಿ. ನಮ್ಮ ಕಣ್ಣೆದುರಿಗೇ ನಡೆದ ಒಂದು ಚರಿತ್ರೆ ಇದೆ, ಅದನ್ನು ಬರೆದಿಡೋಣ ಅನ್ನಿಸಿತು. ಇಂಜಿನ್ನಿಗೆ ಪೆಟ್ರೋಲ್ ಅಳೆದು ಕೊಡುವ ಕೆಲಸ ಮೇಸ್ತ್ರಿಯ ಕೈಬಿಟ್ಟು ಕಂಪ್ಯೂಟರಿನ ಪಾಲಾದ ಚರಿತ್ರೆ.

ಕೊಯಮತ್ತೂರು, ತಿರುಪ್ಪೂರು ಸೀಮೆಯ ನಮಗೆ ಇಂಜಿನ್ ಹೊಸದಲ್ಲ. 1920ರಲ್ಲೇ ಜಿ.ಡಿ. ನಾಯ್ಡು ಅವರು ಪೊಳ್ಳಾಚಿಯಿಂದ ಪಳನಿಗೆ ಬಸ್ಸು ಓಡಿಸಿದರು. ಆಮೇಲೆ ತೋಟಗಳಲ್ಲಿ ಕಪಿಲೆ ನಿಂತು ಬಾವಿಗೆ ಆಯಿಲ್ ಇಂಜಿನ್ ಬಂತು. ಅದು ಡೀಸಲ್ಲಿನದು. ಪಕ್ಕದಲ್ಲಿರುವ ಸಣ್ಣ ಪಂಪು ಡೀಸಲನ್ನು ಜೋರಾಗಿ ಒತ್ತುತ್ತೆ, ತಲೆಯಲ್ಲಿರುವ ನಾಜಲ್ ಅದನ್ನು ಮಂಜಿನ ಹಾಗೆ ಒಳಗೆ ಸಿಂಪಡಿಸುತ್ತೆ. ಈ ತರಹದ ಪಂಪನ್ನು ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಕಾರ್ಖಾನೆಯಲ್ಲಿ ಸಾಲಾಗಿ ಮಾಡೋಕೆ ಶುರುಮಾಡಿತು. ಅದೇ ಬಾಷ್ ಜೊತೆ ಸೇರಿ 1951ರಲ್ಲಿ ಬೆಂಗಳೂರಿನಲ್ಲಿ ಮೈಕೊ ಕಂಪನಿ ಹುಟ್ಟಿತು. ಮೈಕೊ ನಾಜಲ್, ಮೈಕೊ ಪಂಪು ಅಂದರೆ ಗೊತ್ತಿಲ್ಲದ ರೈತ ಯಾರಿದ್ದ? ಹಾಗಾಗಿ ಇಂಜೆಕ್ಷನ್ ಅನ್ನೋದು ಪೆಟ್ರೋಲ್ ಕಾರಿನಲ್ಲಿ ನಮ್ಮೂರಿಗೆ ಬರೋಕೆ ಮುಂಚೆಯೇ ನಮ್ಮ ಬಾವಿ ಮೇಲೆ ಕೂತಿತ್ತು.

ಕಾರಿನ ದಾರಿ ಬೇರೆ. ಅಂಬಾಸಿಡರ್‌ಗಾಗಲಿ ಫಿಯಟ್‌ಗಾಗಲಿ ಇದ್ದದ್ದು ಕಾರ್ಬುರೇಟರ್. ಇಂಜಿನ್ ಗಾಳಿ ಎಳೆಯುತ್ತೆ, ಗಾಳಿ ಇಕ್ಕಟ್ಟಾದ ಕೊರಳಿನಲ್ಲಿ ಓಡುವಾಗ ಪೆಟ್ರೋಲನ್ನೂ ಎಳಕೊಂಡು ಹೋಗುತ್ತೆ. ಅಳತೆಯೆಲ್ಲ ಒಂದು ಸಣ್ಣ ತೂತು, ಒಂದು ಸ್ಕ್ರೂ. ಮೇಸ್ತ್ರಿ ಕಿವಿಗೊಟ್ಟು ಕೇಳಿ ಸ್ಕ್ರೂ ತಿರುಗಿಸೋರು, ನಾವು ತಂಬೂರಿ ಶ್ರುತಿ ಮಾಡಿದ ಹಾಗೇ. ನಮ್ಮ ಮೇಳ ಬಾಡಿಗೆ ಅಂಬಾಸಿಡರಿನಲ್ಲಿ ಮೇಟ್ಟುಪಾಳಯಂ ದಾಟಿ ನೀಲಗಿರಿ ಹತ್ತುವಾಗ ಇಂಜಿನ್ ಏದುಸಿರು ಬಿಡ್ತಿತ್ತು, ಹಿಂದೆ ಕಪ್ಪು ಹೊಗೆ. ಉದಕಮಂಡಲ ಸುಮಾರು 2,240 ಮೀಟರ್ ಎತ್ತರ. ಅಲ್ಲಿ ಗಾಳಿ ತೆಳು. ಗಾಳಿ ಕಡಿಮೆಯಾಗಿದೆ ಅಂತ ಕಾರ್ಬುರೇಟರಿಗೆ ಗೊತ್ತಾಗಲ್ಲ, ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತೆ.

ಇದನ್ನು ಬದಲಾಯಿಸಿದ್ದು ಹೊಗೆಯೇ. ಅಮೆರಿಕದಲ್ಲಿ ಹೊಗೆಗೆ ಕಾನೂನು ಬಿಗಿಯಾದಾಗ, 1967ರಲ್ಲಿ ಬಾಷ್ ಕಂಪನಿ ಅಲ್ಲಿಗೆ ಹೋಗುವ ಫೋಕ್ಸ್‌ವ್ಯಾಗನ್ 1600 ಕಾರಿಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಕೊಟ್ಟಿತು. 1979ರಲ್ಲಿ ಪೆಟ್ರೋಲ್ ಅಳತೆ, ಕಿಡಿ ಹಾರುವ ಹೊತ್ತು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಬಿಎಂಡಬ್ಲ್ಯೂ ಕಾರಿಗೆ ಹಾಕಿತು.

ನಮ್ಮ ದೇಶಕ್ಕೂ ಇದು ಹೊಗೆಯ ದಾರಿಯಲ್ಲೇ ಬಂತು. ದೆಹಲಿಯ ಗಾಳಿ ಕೆಟ್ಟಿದೆ ಅಂತ ವಕೀಲರಾದ ಎಂ.ಸಿ. ಮೆಹ್ತಾ ಅವರು ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ಹೊಸ ಕಾರುಗಳಿಗೆ ಕಟ್ಟುನಿಟ್ಟು ಮಾಡಿತು. 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲೆಲ್ಲ ನಿಂತಿತು. ನಮ್ಮ ತಮಿಳುನಾಡಿನ ಶ್ರೀಪೆರುಂಬುದೂರು ಹತ್ತಿರದ ಕಾರ್ಖಾನೆಯಿಂದ 1998ರಲ್ಲಿ ಬಂದ ಸ್ಯಾಂಟ್ರೊಗೆ ಮೊದಲಿಂದಲೇ ಇಂಜೆಕ್ಷನ್ ಇತ್ತು. ಮಾರುತಿ 800ಕ್ಕೂ 2000ದ ಸುಮಾರಿಗೆ ಬಂತು. ಕಾರಿನ ಹಿಂದೆ ಎಂಪಿಎಫ್‌ಐ ಅಂತ ಅಕ್ಷರ ಬಿದ್ದದ್ದು ಆವಾಗ.

ಅದರ ಕೆಲಸ ಹೀಗೆ. ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಒತ್ತಿ ಕಳಿಸುತ್ತೆ. ಒಂದೊಂದು ಸಿಲಿಂಡರಿಗೆ ಒಂದೊಂದು ಇಂಜೆಕ್ಟರ್. ಗಾಳಿಯ ಒತ್ತಡ, ಇಂಜಿನ್ನಿನ ಬಿಸಿ, ಅದು ಸುತ್ತುವ ವೇಗ, ಕಾಲು ಎಷ್ಟು ಒತ್ತಿದೆ ಅನ್ನೋದು, ಇವೆಲ್ಲ ಸೆನ್ಸರುಗಳಿಂದ ಪೆಟ್ಟಿಗೆಗೆ ಹೋಗುತ್ತೆ. ಹೊಗೆಕೊಳವೆಯಲ್ಲಿ ಕೂತ ಇನ್ನೊಂದು ಸೆನ್ಸರ್ ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ನೋಡಿ ಹೇಳುತ್ತೆ. 1 ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಆ ಲೆಕ್ಕಕ್ಕೆ ಪೆಟ್ಟಿಗೆ ಇಂಜೆಕ್ಟರನ್ನು ಕಣ್ಣು ಮಿಟುಕಿಸೋದಕ್ಕಿಂತ ಕಮ್ಮಿ ಹೊತ್ತು ತೆರೆದು ಮುಚ್ಚುತ್ತೆ. ಅದೇ ಘಟ್ಟವನ್ನು ಈಗ ಹತ್ತಿದರೆ ಕಪ್ಪು ಹೊಗೆ ಇಲ್ಲ, ಸ್ಕ್ರೂ ತಿರುಗಿಸೋ ಮಾತೂ ಇಲ್ಲ.

ಇದರಿಂದ ಲಾಭ ಆಯ್ತು. ನಷ್ಟ ಆದದ್ದು ಊರಿನ ಮೇಸ್ತ್ರಿಗಳಿಗೆ. ನಮ್ಮ ಕಡೆಯ ಒಬ್ಬ ಮೇಸ್ತ್ರಿ, ಶಬ್ದ ಕೇಳಿಯೇ ಯಾವ ವಾಲ್ವು ಅಂತ ಹೇಳೋರು, ಬಾನೆಟ್ ಎತ್ತಿ ನೋಡಿ, “ಅಣ್ಣಾ, ಇದು ನನ್ನ ಕಿವಿಗೆ ಸಿಕ್ಕಲ್ಲ” ಅಂದುಬಿಟ್ಟರು. ಅಂಥವರ ಶೆಡ್ಡುಗಳು ಒಂದೊಂದಾಗಿ ಪಂಕ್ಚರ್ ಅಂಗಡಿಯಾದವು.

ಆದರೆ ಅದೇ ಮೇಸ್ತ್ರಿಯ ಮಗ ಸುಮ್ಮನೆ ಕೂರಲಿಲ್ಲ. ನನ್ನ ಅಳಿಯನ ಹಳೇ ಮಾರುತಿ ಒಂದು ದಿನ ನಿಂತುಹೋಯ್ತು. ಸೆಲ್ಫ್ ಹೊಡೆದರೆ ತಿರುಗುತ್ತೆ, ಹೊತ್ತಿಕೊಳ್ಳಲ್ಲ. ಪೇಟೆಯ ಒಂದು ವರ್ಕ್‌ಶಾಪಿನವರು ಕಂಪ್ಯೂಟರ್ ಪೆಟ್ಟಿಗೆಯನ್ನೇ ಬದಲಾಯಿಸಬೇಕು ಅಂದರು. ಅವರು ಹೇಳಿದ ದುಡ್ಡಿಗೆ ಒಂದು ಎಮ್ಮೆ ಬರ್ತಿತ್ತು. ಈ ಹುಡುಗ ಮೀಟರ್ ಹಿಡಿದು ಒಂದೊಂದೇ ವೈರ್ ನೋಡುತ್ತಾ ಬಂದ. ಇಂಜಿನ್ ಸುತ್ತು ಎಣಿಸುವ ಸೆನ್ಸರಿನ ವೈರನ್ನು ಇಲಿ ಕಡಿದಿತ್ತು. ಬೆಸುಗೆ ಹಾಕಿ ಟೇಪ್ ಸುತ್ತಿದ, ಕಾರು ಹೊತ್ತಿಕೊಂಡಿತು. ಕೆಲವು ಹಳೇ ಮಾರುತಿಗಳಲ್ಲಿ ಎರಡು ತುದಿ ವೈರಿನಿಂದ ಕೂಡಿಸಿದರೆ ದೀಪ ಮಿನುಗಿ ತಪ್ಪು ಎಲ್ಲಿದೆ ಅಂತ ತಾನೇ ಹೇಳುತ್ತೆ, ಎಣಿಸೋಕೆ ಬರಬೇಕು ಅಷ್ಟೇ ಅಂತಲೂ ತೋರಿಸಿದ. ಒಂದು ಸಲ ಮಿನುಗಿ, ತಡೆದು, ಎರಡು ಸಲ ಮಿನುಗಿದರೆ 12. ಅಂದರೆ ತಪ್ಪಿಲ್ಲ. ತಾಳ ಹಾಕೋರಿಗೆ ಇದೇನು ಕಷ್ಟ!

ಇದು ಕಾರಿದ್ದವರ ಮಾತು ಅಂತ ಬಿಡಬೇಡಿ. 2020ರ ಏಪ್ರಿಲ್‌ನಿಂದ ಬಿಎಸ್ 6 ಕಾನೂನು ಬಂದ ಮೇಲೆ, ನಾವು ತೆಂಗಿನಕಾಯಿ ಮೂಟೆ ಹೇರುವ ಟಿವಿಎಸ್ ಎಕ್ಸ್‌ಎಲ್‌ಗೂ ಇಂಜೆಕ್ಷನ್ನೇ. ಅದು ಕೆಟ್ಟಾಗ ಪೇಟೆಗೆ ಹೊತ್ತುಕೊಂಡು ಹೋಗಬೇಕಾ, ಊರಲ್ಲೇ ರಿಪೇರಿ ಆಗಬೇಕಾ ಅನ್ನೋದು ನಮ್ಮ ಕೈಯಲ್ಲಿದೆ. ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ. ವಿದ್ಯುತ್ ಪಾಠ ಮಾಡುವಾಗ ಮಕ್ಕಳ ಕೈಗೆ ಒಂದು ಮೀಟರ್ ಕೊಡಿ. ನಮ್ಮ ವಾಚನಾಲಯದ ಬೀರುವಿನಲ್ಲಿ ಒಂದು ವೈರಿಂಗ್ ನಕ್ಷೆ ಪುಸ್ತಕವೂ ಇರಲಿ.