ಕಡಮತ್ತಿಗೂ ಮಂಗಳೂರಿಗೂ ಇದ್ದ ನಂಟು

ಲಕ್ಷದ್ವೀಪದ ಕಡಮತ್‌ಗೆ ಗುಂಪಾಗಿ ಪ್ರವಾಸ ಹೋಗಿ ಬಂದವರು ಹೇಳುವುದು ಹೆಚ್ಚುಕಡಿಮೆ ಒಂದೇ ಕಥೆ. ಬಾಯಿಗೆ ಉಸಿರಿನ ಕೊಳವೆ ಸಿಕ್ಕಿಸಿಕೊಂಡು ಸ್ನಾರ್ಕೆಲಿಂಗ್ ಮಾಡಿದ್ದು, ಹವಳದ ಸಂದಿಯಲ್ಲಿ ಬಣ್ಣದ ಮೀನು ಕಂಡದ್ದು, ದುರ್ಬೀನಿನಲ್ಲಿ ಕಡಲಹಕ್ಕಿ ನೋಡಿದ್ದು. ಆದರೆ ಈ ದ್ವೀಪ ಒಂದು ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ?

18ನೇ ಶತಮಾನದ ಕೊನೆಯ ಭಾಗದಲ್ಲಿ, ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತ ಅಮಿನಿ ದ್ವೀಪದವರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದು ದ್ವೀಪಗಳು ಟಿಪ್ಪುವಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಅವುಗಳನ್ನು ಮಂಗಳೂರಿನಿಂದಲೇ ಆಳಿತು. ಹವಳದ ಮರಳಿನಲ್ಲಿ ಭತ್ತ ಬೆಳೆಯುವುದಿಲ್ಲ. ದ್ವೀಪದ ಹೆಂಗಸರು ಹೊಸೆದ ತೆಂಗಿನ ಹುರಿ ದೋಣಿಯಲ್ಲಿ ಮಂಗಳೂರಿಗೆ ಬರುತ್ತಿತ್ತು, ಬದಲಿಗೆ ಅಕ್ಕಿ ಹೋಗುತ್ತಿತ್ತು. ಹುರಿಯ ವ್ಯಾಪಾರ ಸರ್ಕಾರದ ಏಕಸ್ವಾಮ್ಯವಾಗಿತ್ತು. ಹೊಸೆಯುವ ಕೈ ಅಲ್ಲಿ, ಬೆಲೆ ಕಟ್ಟುವ ಕೈ ಇಲ್ಲಿ.

1875ರಲ್ಲಿ ಸರ್ಕಾರದ ಸರ್ವೆ ಹಡಗೊಂದು ಈ ದ್ವೀಪಸಮೂಹಕ್ಕೆ ಹೊರಟಿತು. ಅದರಲ್ಲಿದ್ದವರು ಎ.ಓ. ಹ್ಯೂಮ್. ಮುಂದೆ 1885ರಲ್ಲಿ ಕಾಂಗ್ರೆಸ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ಅದೇ ಹ್ಯೂಮ್. ಹಕ್ಕಿಗಳ ಹುಚ್ಚಿನ ಅವರು ತಮ್ಮ ಪಯಣದ ವರದಿಯನ್ನು ತಾವೇ ನಡೆಸುತ್ತಿದ್ದ ಪಕ್ಷಿಶಾಸ್ತ್ರದ ಪತ್ರಿಕೆಯಲ್ಲಿ 1876ರಲ್ಲಿ ಪ್ರಕಟಿಸಿದರು. ದೇಶದ ನಾನಾ ಕಡೆ ಸೇರಿಸಿದ ಅವರ ಹಕ್ಕಿಗಳ ಸಂಗ್ರಹ ಕೊನೆಗೆ ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿತು.

ಹ್ಯೂಮ್ ಅವರ ಶ್ರಮ ಸಣ್ಣದಲ್ಲ. ಆದರೆ ಹಕ್ಕಿಯನ್ನು ಓದುವ ಇನ್ನೊಂದು ವಿದ್ಯೆಯೂ ಅಲ್ಲಿತ್ತು. ಟ್ಯೂನಾ ಮೀನಿನ ಹಿಂಡು ಮರಿಮೀನುಗಳನ್ನು ಮೇಲಕ್ಕೆ ಅಟ್ಟಿದಾಗ ರೀವ ಜಾತಿಯ ಕಡಲಹಕ್ಕಿಗಳು ಅಲ್ಲಿ ಮುತ್ತುತ್ತವೆ. ಆ ಹಕ್ಕಿಗಳನ್ನು ದೂರದಿಂದಲೇ ಗುರುತಿಸಿ ಮಿನಿಕಾಯ್‌ನ ಮೀನುಗಾರರು ದೋಣಿ ತಿರುಗಿಸುತ್ತಾರೆ. ಈ ವಿದ್ಯೆ ತಂದೆಯಿಂದ ಮಗನಿಗೆ ಬಾಯಿಮಾತಿನಲ್ಲೇ ಬಂದದ್ದು. ಅದಕ್ಕೆ ವಸ್ತುಸಂಗ್ರಹಾಲಯವಿಲ್ಲ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಆ ಐದು ದ್ವೀಪಗಳು ಜಿಲ್ಲೆಯಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶದೊಳಗೆ ಸೇರಿದವು. ನಾವು ಪ್ರತಿವರ್ಷ ಸಂಭ್ರಮಿಸುವ ರಾಜ್ಯೋತ್ಸವದ ದಿನವೇ ಒಂದು ಹಳೆಯ ನೆರೆಹೊರೆಯ ನಂಟೂ ಕಡಿದುಹೋಯಿತು.

1998, 2010, 2016ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳ ಬಿಳಿಚಿಕೊಂಡಿತು. ಹವಳದ ದಿಬ್ಬ ಕರಗಿದರೆ ಪ್ರವಾಸಿಗೆ ಒಂದು ನೋಟ ತಪ್ಪುತ್ತದೆ ಅಷ್ಟೆ. ದ್ವೀಪದವರಿಗೆ ಅಲೆಯನ್ನು ತಡೆಯುವ ಗೋಡೆಯೇ ಹೋಗುತ್ತದೆ. ಮುಂದೆ ನಮ್ಮವರು ಗುಂಪು ಕಟ್ಟಿಕೊಂಡು ಅಲ್ಲಿಗೆ ಹೊರಟಾಗ ಇಷ್ಟನ್ನಾದರೂ ನೆನಪಿಟ್ಟುಕೊಳ್ಳಲಿ: ಅವರು ಹೋಗುತ್ತಿರುವುದು ಯಾರೂ ಇಲ್ಲದ ಸ್ವರ್ಗಕ್ಕಲ್ಲ. ಒಂದು ಕಾಲದಲ್ಲಿ ಹುರಿ ಕೊಟ್ಟು ನಮ್ಮಿಂದ ಅಕ್ಕಿ ಪಡೆದವರ ಮನೆಗೆ.