ಭೀಮೆಯ ಸೀಮೆಯ ಎರಡು ನೆನಪುಗಳು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ 1948ಕ್ಕೆ ಎರಡು ಹೆಸರುಗಳಿವೆ. ಒಂದು ಮನೆಯಲ್ಲಿ ಅದು ‘ರಜಾಕಾರರ ಹಾವಳಿ’, ಇನ್ನೊಂದು ಮನೆಯಲ್ಲಿ ‘ಪೊಲೀಸ್ ಆ್ಯಕ್ಷನ್’. ಎರಡೂ ಮನೆಗಳು ಒಂದೇ ಓಣಿಯಲ್ಲಿವೆ. ಆದರೆ ಒಬ್ಬರ ಕತೆಯನ್ನು ಇನ್ನೊಬ್ಬರು ಕೇಳಿದ್ದು ಕಡಿಮೆ.

ಆಗ ಈ ಸೀಮೆ ನಿಜಾಮರ ರಾಜ್ಯದ ಪಶ್ಚಿಮದ ಅಂಚು. ಪಕ್ಕದ ಇಂಡಿ, ಸಿಂದಗಿಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಗಡಿಯಾಚೆಯ ಶಿಬಿರಗಳಿಂದ ಹೋರಾಟಗಾರರು ಬಂದು ಕರೋಡಗಿರಿ ನಾಕೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡುತ್ತಿದ್ದರು. ಅದರ ಸೇಡನ್ನು ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗರ ಮೇಲೆ ತೀರಿಸಿಕೊಳ್ಳುತ್ತಿದ್ದರು. ಬೀದರ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಜನ ಇಂದಿಗೂ ಮರೆತಿಲ್ಲ. ರಜಾಕಾರರನ್ನು ಖಂಡಿಸಿ ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅದೇ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ರಜಾಕಾರರೆಂದರೆ ಮುಸ್ಲಿಮರೆಲ್ಲರೂ ಎಂಬ ಮಾತಿಗೆ ಅವರ ರಕ್ತವೇ ಉತ್ತರ.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. 17ರಂದು ನಿಜಾಮರು ಶರಣಾದರು. ಐದು ದಿನಗಳಲ್ಲಿ ಯುದ್ಧ ಮುಗಿಯಿತು, ಹಳ್ಳಿಗಳಲ್ಲಿ ಮುಗಿಯಲಿಲ್ಲ. ರಜಾಕಾರರ ಪಾಪದ ಸಾಲವನ್ನು ರಜಾಕಾರರಲ್ಲದ ಮುಸ್ಲಿಮರಿಂದ ವಸೂಲು ಮಾಡಲಾಯಿತು.

ನೆಹರೂ ಕಳುಹಿಸಿದ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫ್ಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ವರ್ಷಾಂತ್ಯದಲ್ಲಿ ಜಿಲ್ಲೆಗಳನ್ನು ಸುತ್ತಿದರು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅವರು ಗುರುತಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್. ಇಡೀ ರಾಜ್ಯದಲ್ಲಿ ಸತ್ತವರು 27,000ದಿಂದ 40,000 ಎಂಬುದು ಅವರ ಅಂದಾಜು. ಸರಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ಅದು ಸಾರ್ವಜನಿಕರ ಓದಿಗೆ ಮುಕ್ತವಾದದ್ದು 2013ರಲ್ಲಿ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಕೆಲವೆಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಕಾಪಾಡಲು ಹೋಗಿ ತಮ್ಮ ಪ್ರಾಣವನ್ನೇ ಕೊಟ್ಟರು. ಅಪಹರಣಕ್ಕೊಳಗಾದ ಹೆಣ್ಣುಮಕ್ಕಳನ್ನು ಮರಳಿ ಕರೆತರಲು ಹಲವು ಹಿಂದೂಗಳು ನೆರವಾದರು. ಮಗ್ಗದ ನಂಟು ಮತದ ಹಗೆಗಿಂತ ಗಟ್ಟಿಯಾಗಿತ್ತು.

ಗೋರ್ಟಾದಲ್ಲಿ ಇಂದು ಸ್ಮಾರಕವಿದೆ, ಅದು ಇರಬೇಕಾದದ್ದೇ. ಸೆಪ್ಟೆಂಬರ್ ನಂತರ ಸತ್ತವರಿಗೆ ಸ್ಮಾರಕ ಇರಲಿ, ಹೆಸರುಗಳ ಪಟ್ಟಿಯೂ ಇಲ್ಲ. ಅಂದಿನದನ್ನು ಕಂಡ ಹಿರಿಯರು ಬೆರಳೆಣಿಕೆಯಷ್ಟೇ ಉಳಿದಿದ್ದಾರೆ. ನಮ್ಮ ಕಾಲೇಜುಗಳ ಹುಡುಗರು, ಹುಡುಗಿಯರು ಒಂದು ನೋಟುಬುಕ್ಕು ಹಿಡಿದು ಎರಡೂ ಮನೆಗಳ ಬಾಗಿಲು ತಟ್ಟಲಿ. ಕೊಂದವರ ಮಾತಿನ ಜೊತೆಗೇ ಕಾಪಾಡಿದವರ ಹೆಸರನ್ನೂ ಕೇಳಿ ಬರೆದುಕೊಳ್ಳಲಿ.